ನಾಲಿಗೆಯಡಿಯ ಏಳು ನಿಮಿಷ

ಸೋಗಾನೆ ಜೈಲಿನ ಔಷಧಿ ಕಿಟಕಿಗೆ
ಬೆಳಿಗ್ಗೆ ಹನ್ನೊಂದು ಮಂದಿ.
ಬಿಳಿ ಮಾತ್ರೆ, ಅಕ್ಕಿನುಚ್ಚಿಗಿಂತ ಕೊಂಚ ದೊಡ್ಡದು.
ನುಂಗಬಾರದು. ಮಾತಾಡಬಾರದು.
ನಾಲಿಗೆಯಡಿ ಅದು ಕರಗುವ ತನಕ
ನಾನು ಗಡಿಯಾರ ನೋಡುತ್ತೇನೆ,
ಗುತ್ಯಪ್ಪ ನನ್ನ ಚಪ್ಪಲಿ ನೋಡುತ್ತಾನೆ.
ವಿಮಾನವೊಂದು ತಗ್ಗಿ ಹೋಗುತ್ತದೆ, ಗಾಜು ನಡುಗುತ್ತದೆ,
ಸಾಲಿನಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಹೊಸನಗರ ಕಡೆಯ ಲಾರಿ ಕ್ಲೀನರ್ ಇವನು.
ಬಂದ ವಾರ, ಮೂಳೆಯೊಳಗೆ ಇರುವೆ ಹರೀತಾವೆ ಎಂದು
ಗೋಡೆಗೆ ಮೊಣಕಾಲು ಗುದ್ದಿಕೊಂಡವನು.
ಈಗ ಅಡುಗೆಮನೆಯಲ್ಲಿ ಹೆಚ್ಚುತ್ತಾನೆ.
"ಈ ನೀರು ಈರುಳ್ಳಿದು ಸಾರ್" ಅನ್ನುತ್ತಾನೆ,
ನಾನು ಕೇಳದಿದ್ದರೂ.

ಕಡತ ಮೂರನೇ ಸಲ ವಾಪಸು ಬಂದಿದೆ.
ಮೆಗ್ಗಾನ್ ಡಾಕ್ಟರಮ್ಮ ಬರೆದ ನಾಲ್ಕು ಪುಟಕ್ಕೆ
ಸ್ಟೇಪ್ಲರ್ ಇಲ್ಲದೆ ಗುಂಡುಸೂಜಿ ಚುಚ್ಚಿದ್ದೆ;
ಅದರ ತುಕ್ಕಿನ ಪಕ್ಕ ಹಸಿರು ಶಾಯಿ:
ಚಟ ಬಿಡಿಸಲು ಚಟದ ಮಾತ್ರೆಯೇ? ಸ್ಪಷ್ಟೀಕರಿಸಿ.
ಬಿ.ಪಿ. ಮಾತ್ರೆಗೆ ಯಾರೂ ಹೀಗೆ ಕೇಳಲಿಲ್ಲ.
ಕಾಂಪೌಂಡಿನ ಸುಣ್ಣಬಣ್ಣದ ಬಿಲ್ಲು ಪಾಸಾಗಿದೆ.

ಉತ್ತರ ಬರೆದೆ: ದಿನಕ್ಕೆ, ಒಬ್ಬನಿಗೆ, ಇಷ್ಟು ರೂಪಾಯಿ.
ಬರೆಯದೆ ಬಿಟ್ಟದ್ದು: ಹೋದ ವರ್ಷ, ಈ ಡಬ್ಬಿ ಇಲ್ಲದ ವರ್ಷ,
ಬಿಡುಗಡೆಯಾದ ಮೂರನೇ ದಿನ
ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ಜಯಂತ
ಹಳೆಯ ಅಳತೆಯನ್ನೇ ಚುಚ್ಚಿಕೊಂಡ;
ಮೈ ಆ ಅಳತೆಯನ್ನು ಮರೆತಿತ್ತು.
ಜೇಬಲ್ಲಿ ಜೈಲಿನ ಕೂಲಿ ಇತ್ತಂತೆ,
ನಾವು ಎಣಿಸಿ ಕೊಟ್ಟ ಹಾಗೇ, ರಬ್ಬರ್‌ಬ್ಯಾಂಡ್ ಸಮೇತ.

ಡಬ್ಬಿಯಲ್ಲಿರುವುದು ಹತ್ತೊಂಬತ್ತು ದಿನಕ್ಕೆ.
ಗುತ್ಯಪ್ಪನಿಗೆ ಇನ್ನೂ ನಲವತ್ತು ದಿನ.
ಲೆಕ್ಕ ಅವನಿಗೂ ಗೊತ್ತು.
ಏಳು ನಿಮಿಷ ಮುಗಿಯಿತು.
ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಾನೆ,
ಏನೂ ಉಳಿದಿಲ್ಲ.
ನಾನು ಸಹಿ ಹಾಕುತ್ತೇನೆ.