ಇತರೆ

ಒಂದು ಕರೆಗೆ ಇಷ್ಟು ಎಂದು ಕೂಲಿ ನನಗೆ.
ಟಾಂಪೆರೆಯಲ್ಲಿ, ಲಿಫ್ಟು ಕೆಟ್ಟ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಕೂತು
ದೇಶವನ್ನೆಲ್ಲ ಕೇಳುತ್ತೇನೆ:
ಕಳೆದ ವರ್ಷ ತಾವು ಹೆಚ್ಚಾಗಿ ನೋಡಿದ ಆಟ ಯಾವುದು?
ಒಂದನ್ನೇ ಹೇಳಬೇಕು, ದಯವಿಟ್ಟು.

ಹಾಕಿ ಅನ್ನುತ್ತಾರೆ.
ಐಸ್ ಹಾಕಿ ಎಂದು ಬಿಡಿಸಿ ಹೇಳುವುದಿಲ್ಲ ಯಾರೂ,
ಫಿನ್ಲೆಂಡಿನಲ್ಲಿ ಐಸು ಹೇಳದೆಯೂ ಇದ್ದೇ ಇರುತ್ತದೆ.
ಹಾಕಿ, ಹಾಕಿ, ಫುಟ್‌ಬಾಲು, ಹಾಕಿ.
ಕಾರಿನ ರೇಸು ಅಂದವನೊಬ್ಬ
ಭಾನುವಾರ ಅದರ ಗುಂಯ್‌ಗುಡುವಿಕೆಗೆ ಒಳ್ಳೆ ನಿದ್ದೆ ಬರುತ್ತದೆ ಅಂದ;
ನಿದ್ದೆಯನ್ನೂ ನೋಡಿದ ಲೆಕ್ಕಕ್ಕೇ ಹಾಕಿದೆ.
ಕುವೋಪಿಯೊದ ಒಬ್ಬಾಕೆ: ಸ್ಕೀ ಜಿಗಿತ.
ಅವರು ಹೋದಮೇಲೆ ಒಬ್ಬಳೇ ನೋಡುತ್ತೇನೆ,
ಹಾರಿದವರು ಇಳಿಯುವ ಮೊದಲೇ ಟೀವಿ ಆರಿಸಿಬಿಡುತ್ತೇನೆ.
ಇದಕ್ಕೆ ಫಾರಮ್ಮಿನಲ್ಲಿ ಜಾಗವಿಲ್ಲ.
ಜಿಗಿತ ಎಂದಷ್ಟೇ ಗುರುತು ಮಾಡಿದೆ.

ಇನ್ನು ಪೆಸಾಪಲ್ಲೊ. ಗೂಡುಚೆಂಡು ಎಂದು ಅರ್ಥ.
ರಾಷ್ಟ್ರದ ಆಟ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು,
ಜುಟ್ಟಿಗೆ ಮಲ್ಲಿಗೆ ಮುಡಿಸಿ ಹೊಟ್ಟೆಗೆ ಹಿಟ್ಟು ಮರೆತ ಹಾಗೆ.
ಈ ಸಲ ಫಾರಂ ಚಿಕ್ಕದು ಮಾಡುವಾಗ ನಮ್ಮ ರೌನೊ ಸಾಹೇಬರು
ಅದನ್ನು ‘ಇತರೆ’ಯ ಮನೆಗೆ ತಳ್ಳಿದ್ದಾರೆ,
ಡಾರ್ಟು, ಬಿಲಿಯರ್ಡ್ಸು, ನಾಯಿ ರೇಸಿನ ಜೊತೆಗೆ.

ಮೊನ್ನೆ ಸಂಜೆ ಸಿಕ್ಕವರು ಪೊಹ್ಯನ್ಮಾ ಬಯಲಿನವರು.
ಟಾಯಿಸ್ತೊ ಹೌತಕಂಗಸ್, ವಯಸ್ಸು ಎಂಬತ್ತೆರಡು.
ಯಾವ ಆಟ ನೋಡಿದಿರಿ?
ಆಟ ನೋಡಲಿಲ್ಲಮ್ಮ, ಎಸೆತ ನೋಡಿದೆ.
ಪಕ್ಕದ ಹೊಲದವರ ಮಗಳು ಸೈಮಿ
ಹೊಡೆಯುವವಳ ಮಗ್ಗುಲಲ್ಲೇ ನಿಂತು
ನೆಟ್ಟಗೆ ಮೇಲಕ್ಕೆ ಎಸೆಯುತ್ತಾಳೆ ಚೆಂಡು,
ಬಿದ್ದರೆ ತಟ್ಟೆಯ ಮೇಲೇ ಬೀಳಬೇಕು ಅದು.
ಅಷ್ಟು ಹೊತ್ತು ಊರಿಗೆ ಊರೇ ಕತ್ತೆತ್ತಿ ನಿಂತಿರುತ್ತದೆ.
ಬಣ್ಣದ ಬೀಸಣಿಗೆ ಬಿಚ್ಚಿ ಗುಟ್ಟು ಹೇಳುತ್ತಾನೆ ಕೋಚು,
ಎಲ್ಲರಿಗೂ ಕಾಣುವ ಹಾಗೆ!
ಆಮೇಲೆ ಓಟ. ಮೊದಲ ಗೂಡು ಎಡಕ್ಕೆ, ಎರಡನೆಯದು ಬಲಕ್ಕೆ,
ಮೂರನೆಯದು ತಿರುಗಿ ಎಡಕ್ಕೆ,
ಹಗ್ಗ ಹರಿದ ಕರುವಿನಂತೆ ಅಡ್ಡಾದಿಡ್ಡಿ ಓಡಿ
ಕಡೆಗೆ ಮನೆಗೂಡು.

ಟಿಕೆಟ್ಟು ತಗೊಂಡಿದ್ದಿರಾ?
ಬೇಲಿಯ ಆಚೆಗೆ ಯಾರಮ್ಮ ಟಿಕೆಟ್ಟು ಮಾರುತ್ತಾರೆ?
ಮತ್ತೆ ಯಾರ್ಯಾರಿದ್ದರು, ಬೇಲಿಯ ಆಚೆ?
ಫಾರಮ್ಮಿನಲ್ಲಿ ಇಲ್ಲದ ಪ್ರಶ್ನೆ ಅದು, ಬಾಯಿಗೆ ಬಂದುಬಿಟ್ಟಿತು.
ಅಜ್ಜ ಎಣಿಸತೊಡಗಿದ. ಹಾಲಿನ ಲಾರಿಯವನು,
ಸೇತುವೆ ಕೆಲಸಕ್ಕೆ ಬಂದ ಎಸ್ಟೋನಿಯಾದ ಇಬ್ಬರು,
ಹಲ್ಲು ಕಟ್ಟುವ ಕಾತ್ರಿ, ನನ್ನ ನಾಯಿ,
ಸೈಮಿಯ ಅಜ್ಜಿ. ಅವಳಿಗೆ ಕಣ್ಣು ಕಾಣದು,
ಬ್ಯಾಟಿನ ಸದ್ದಿಗೆ ಬರುತ್ತಾಳೆ.
ಅವಳನ್ನು ನೋಡಿದವರಲ್ಲಿ ಸೇರಿಸಲೋ ಬೇಡವೋ?
ಸೇರಿಸಿ, ಅಂದೆ.

ನೀನು ಏನು ನೋಡುತ್ತೀಯಮ್ಮ?
ಆರು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ.
ಹಾಕಿ, ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು.
ಶನಿವಾರ ಬೆಳಿಗ್ಗೆ ಏಳಕ್ಕೆ, ಮರದ ಮೆಟ್ಟಿಲ ಮೇಲೆ,
ಫ್ಲಾಸ್ಕಿನ ಕಾಫಿ ಆರುತ್ತಿರುವಾಗ.
ನನ್ನ ಮಗ ಎಲ್ಮೆರಿ ಎರಡನೇ ಗೋಲ್‌ಕೀಪರು.
ಮೊದಲನೆಯವನಿಗೆ ಜ್ವರ ಬಂದರೆ ಇವನ ಸರದಿ.
ಯಾರು ಗೆದ್ದರೆಂದು ಎಷ್ಟೋ ಸಲ ನನಗೆ ಗೊತ್ತೇ ಆಗುವುದಿಲ್ಲ,
ನಾನು ನೋಡುವುದು ಬೆಂಚಿನ ಆ ತುದಿ.
ಹೆಲ್ಮೆಟ್ಟು ಮಡಿಲಲ್ಲಿಟ್ಟುಕೊಂಡು
ದಣಿದು ಬಂದವರಿಗೆ ನೀರಿನ ಬಾಟಲಿ ಎತ್ತಿಕೊಡುತ್ತಾನೆ,
ಕೊಟ್ಟಾದ ಮೇಲೆ ಮುಚ್ಚಳವನ್ನು ತಾನೇ ಹಾಕುತ್ತಾನೆ.

ಅತ್ತ ಕಡೆ ಮೌನ. ನಾಯಿ ಒಮ್ಮೆ ಬೊಗಳಿತು.
ಆಮೇಲೆ ಅಜ್ಜ:
ಆ ಮೊದಲನೆಯವನಿಗೆ ಜ್ವರ ಬರುವುದೇ ಇಲ್ಲವೇ?
ಗಟ್ಟಿ ಹುಡುಗ, ಅಂದೆ.

ಒಂಬತ್ತು ನಿಮಿಷ ಆಗಿತ್ತು.
ಗಾಜಿನ ಆಚೆಯಿಂದ ರೌನೊ ತಮ್ಮ ಗಡಿಯಾರ ತಟ್ಟಿ ತೋರಿಸಿದರು.
ಇತರೆ: ಒಂದು.

ಮುಂದಿನ ನಂಬರಿಗೆ ಒಬ್ಬ ಹುಡುಗ ಸಿಕ್ಕ,
ಅವನ ಹಿಂದೆ ಟೀವಿಯಲ್ಲಿ ಸಾವಿರ ಜನ ಒಟ್ಟಿಗೆ ಅರಚುತ್ತಿದ್ದರು.
ಹಾಕಿ, ಅಂದ. ಇಟ್ಟುಬಿಟ್ಟ.
ಹನ್ನೊಂದು ಸೆಕೆಂಡು.
ಕೂಲಿ ಎರಡಕ್ಕೂ ಅಷ್ಟೇ.