ಕಂಡಕ್ಟರ್ ಸೀಟು

ದುರ್ಗದಿಂದ ದಾವಣಗೆರೆಗೆ ದಿನಕ್ಕೆ ನಾಲ್ಕು ಸಿಂಗಲ್ಲು,
ಹನ್ನೊಂದು ವರ್ಷ.
ಯಾರು ಹತ್ತಿದರು, ಯಾರು ಇಳಿದರು,
ಭರಮಸಾಗರಕ್ಕೆ ಟಿಕೆಟ್ ತಗೊಂಡವನು
ಆನಗೋಡು ಬಂದರೂ ಯಾಕೆ ಇಳಿದಿಲ್ಲ,
ಬೆನ್ನಿಗೂ ಕಣ್ಣಿದೆ ನನಗೆ, ಡಿಪೋದಲ್ಲಿ ಕೇಳಿ.

ಅರ್ಧ ಬಸ್ಸು ಖಾಲಿ ಇದ್ದರೂ
ಯೂನಿಫಾರ್ಮಿನ ಹುಡುಗಿಯ ಪಕ್ಕಕ್ಕೇ ಬಂದು ಕೂತವನನ್ನು
ಟಿಕೆಟ್ ಮೆಷಿನ್ನಿನ ಮೂಲೆಯಿಂದ ಭುಜಕ್ಕೊಮ್ಮೆ ತಟ್ಟಿ
"ಹಿಂದೆ ಜಾಗ ಐತಲ್ಲ ಯಜಮಾನ್ರೇ" ಅನ್ನುತ್ತೇನೆ.
ಅಷ್ಟೇ. ಎದ್ದು ಹೋಗುತ್ತಾರೆ.

ಮೊನ್ನೆ ಒಬ್ಬ ಹೆಂಡತಿಯ ಆಧಾರ್ ಹಿಡಿದು
ಫ್ರೀ ಟಿಕೆಟ್ ಕೇಳಿದ.
ಕಾರ್ಡು ನೋಡಿದೆ, ಮೀಸೆ ನೋಡಿದೆ.
ಬಸ್ಸಿಗೆ ಬಸ್ಸೇ ನಕ್ಕಿತು.

ಅದೇ ವಾರ ನನ್ನದೇ ನಡುಮನೆಯಲ್ಲಿ, ಕೌದಿಯೊಳಗೆ,
ಪ್ರಣವಿ ಅಂತ ಒಬ್ಬಳು ಹತ್ತಿದ್ದಳು.
ಶಿವಮೊಗ್ಗ. ಒಂಬತ್ತನೇ ಕ್ಲಾಸು. ಫೋಟೋದಲ್ಲಿ ಎರಡು ಜಡೆ.
ಅವಳ ಮೀಸೆ ನೋಡಲು ಅಲ್ಲಿ ಯಾವ ಕಂಡಕ್ಟರೂ ಇರಲಿಲ್ಲ.

ಮೊದಲು ಹೋಂವರ್ಕು ಕೇಳಿದಳಂತೆ,
ಆಮೇಲೆ ಯಾವ ಹೀರೋ ಇಷ್ಟ ಅಂತ,
ಆಮೇಲೆ "ನಿಮ್ಮಮ್ಮ ಡ್ಯೂಟಿಯಿಂದ ಬರೋದು ಎಷ್ಟೊತ್ತಿಗೆ?"
ಆಮೇಲೆ ಒಂದು ಫೋಟೋ.
ಒಂದೇ ಒಂದು. ನಾವು ಗೆಳತಿಯರಲ್ವಾ.

ಗೊತ್ತಾದ ರಾತ್ರಿ ನಾನು ಮಾಡಿದ್ದನ್ನು
ಹೇಳಿಕೊಳ್ಳಲು ನಾಚಿಕೆ.
ಫೋನು ಕಿತ್ತು ರಾಗಿಹಿಟ್ಟಿನ ಡಬ್ಬಿಯಲ್ಲಿ ಹೂತೆ.
ಇಂಚರಾಳ ಬೆನ್ನಿಗೆ ಎರಡು ಬಿಟ್ಟೆ.
"ಬುದ್ಧಿ ಎಲ್ಲಿಟ್ಟಿದ್ದೆ?" ಅಂದೆ.
ಹನ್ನೊಂದು ವರ್ಷದಲ್ಲಿ
ಬಸ್ಸಿನ ಯಾವ ಹುಡುಗಿಗೂ ಅನ್ನದ ಮಾತು.

ಮೂರು ದಿನ ಮಗಳು ತುಟಿ ಬಿಚ್ಚಲಿಲ್ಲ.
ನಾಲ್ಕನೆಯ ದಿನ ಪಕ್ಕದ ಮನೆಯವರ ಫೋನಿನಲ್ಲಿ
ಮತ್ತೆ ಅದೇ ಎರಡು ಜಡೆ.
ಹಾಗಾದರೆ ಡಬ್ಬಿಯಲ್ಲಿ ನಾನು ಹೂತದ್ದೇನು?
ನನ್ನ ಕಿವಿ.

ವಾಪಸ್ ಟ್ರಿಪ್ಪಿನಲ್ಲಿ, ಆನಗೋಡು ದಾಟಿ
ಓಂಕಾರಪ್ಪ ಗೇರು ಬದಲಿಸುವಾಗ ಹೊಳೆಯಿತು.
ಆ ಹುಡುಗಿಯರು ಎದ್ದು ನನ್ನ ಹತ್ತಿರ ಬರುವುದು
ನನ್ನ ಗದರಿಕೆ ಕೇಳಲಿಕ್ಕಲ್ಲ.
ಬಂದವರಿಗೆ ಬ್ಯಾಗು ಸರಿಸಿ ಜಾಗ ಕೊಡುತ್ತೇನೆ,
ಏನಾಯ್ತು ಅಂತಲೂ ಕೇಳುವುದಿಲ್ಲ.
ಭರಮಸಾಗರ ಬರುವ ಹೊತ್ತಿಗೆ ತಾವೇ ಬಾಯಿಬಿಡುತ್ತಾರೆ.

ಆ ರಾತ್ರಿ ಹಿಟ್ಟು ಒರೆಸಿ ಫೋನನ್ನು ಚಾಪೆಯ ಮೇಲಿಟ್ಟೆ.
ಊರ ಮಕ್ಕಳಿಗೆಲ್ಲ ಪುಕ್ಕಟೆ ಕೊಟ್ಟ ಮಾತನ್ನು
ಸ್ವಂತ ಮಗಳಿಗೆ ಕೊಡಲು
ಚಿಲ್ಲರೆ ಹುಡುಕಿದ ಹಾಗೆ ತಡಕಾಡಿದೆ:
"ತಪ್ಪು ನಿಂದಲ್ಲ."
ಅವಳು ತೋರಿಸಿದಳು, ಒಂದೊಂದೇ.
ಅಳಿಸಬೇಡ ಅಂದೆ. ಇಳಿಯೋ ತನಕ ಟಿಕೆಟ್ ಇಟ್ಕೋಬೇಕು,
ಚೆಕಿಂಗಿನವರು ಕೇಳ್ತಾರೆ.
ಬೆಳಗ್ಗೆ ಇಬ್ಬರೂ ಠಾಣೆಗೆ ಹೋದೆವು,
ನಾನು ಖಾಕಿಯಲ್ಲೇ.

ಈಗಲೂ ನಡುರಾತ್ರಿ ಎದ್ದು ಕೌದಿಯಲ್ಲಿ ಬೆಳಕಿದೆಯಾ ನೋಡುತ್ತೇನೆ.
ಕೆಲವು ಸಲ ಇರುತ್ತದೆ.

ನಿನ್ನೆ ಬಟ್ಟೆ ಮಡಚುತ್ತಿದ್ದೆ.
ಅವಳೇ ಬಂದು ತೊಡೆಗೆ ತೊಡೆ ತಾಗಿಸಿ ಕೂತು
"ಅಮ್ಮಾ, ಯಾರೋ ಹೊಸಬ್ರು ಹತ್ತ್ಯಾರೆ ನೋಡು" ಅಂದಳು.
ಹೆಸರು ನೋಡಿದೆವು. ಊರು ನೋಡಿದೆವು.
ನಾನು ಏನಾದರೂ ಅನ್ನುವಷ್ಟರಲ್ಲಿ
ಬಾಯಿಗೆ ಎರಡು ಬೆರಳಿಟ್ಟು
ಊದೇಬಿಟ್ಟಳು ಒಂದು ಸೀಟಿ.
ಎರಡಲ್ಲ, ಒಂದೇ.
ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು.