ತಟ್ಟೆಯಲ್ಲಿ ಚಿಲ್ಲರೆ

ಲೋಹದ್ದೇನೂ ಬೇಡ ಎಂದೆ.
ಬೆಲ್ಟು, ಬೀಗದಕೈ ತೆಗೆದಿಟ್ಟ ಚಿಲೂಫ್ಯ.
ಆಮೇಲೆ ಚಿಲ್ಲರೆ: ಜೇಬಿಂದ, ಕಾಲುಚೀಲದಿಂದ,
ಬರುತ್ತಲೇ ಇತ್ತು.
ಲುಸಾಕದ ಮಿನಿಬಸ್ಸಿನ ಕಂಡಕ್ಟರು.
'ಹೋದ ವಾರ ಒಬ್ಬಳಿಗೆ ಎರಡು ಸಲ ಚಿಲ್ಲರೆ ಕೊಟ್ಟೆ.
ಅವಳೇ ನಕ್ಕು ಹಿಂದಿರುಗಿಸಿದಳು.
ಅದಕ್ಕೇ ಬಂದೆ.'

ಎಚ್‌ಐವಿ ಎಂದು ತಿಳಿದು ಐದೇ ವಾರ.

ಯಂತ್ರ ಗುದ್ದತೊಡಗಿತು.
ಗಾಜಿನಾಚೆ ಅವನ ಬೆರಳು
ಎದೆಯ ಮೇಲೆ ಬಡಿಯಿತು,
ಬಸ್ಸಿನ ತಗಡಿಗೆ ಬಡಿದು ರೈಟ್, ರೈಟ್ ಅನ್ನುವ ಹಾಗೆ.
'ಅಲುಗಬೇಡಿ' ಎಂದೆ ಮೈಕಿನಲ್ಲಿ.

ತೆರೆಯ ಮೇಲೆ ಪದರಪದರ ಬೂದು.
ಒಂದು ಕಡೆ ಬಿಳುಪು ಕೊಂಚ ಹೆಚ್ಚೇ,
ನನ್ನ ಕಣ್ಣಿಗೋ?
ಹೇಳುವ ಕೆಲಸ ನನ್ನದಲ್ಲ.

ಹೊರಬಂದವನು ಏನೂ ಕೇಳಲಿಲ್ಲ.
ತಟ್ಟೆ ಎಳೆದುಕೊಂಡು ಎಣಿಸಿದ,
ನಿಲ್ಲಿಸಿದ, ಮತ್ತೆ ಮೊದಲಿಂದ.
ನಾನೂ ಒಳಗೊಳಗೇ ಎಣಿಸುತ್ತಿದ್ದೆ.
ಇಬ್ಬರಿಗೂ ಬೇರೆ ಬೇರೆ ಲೆಕ್ಕ ಬಂತು.